ಪಂಪ್‌ವೆಲ್‌ಗೆ ಹತ್ತು ನಿಮಿಷ ಮೊದಲು

ಮಂಗಳೂರಿನ ಪಂಪ್‌ವೆಲ್ ಜಂಕ್ಷನ್ನಿನಲ್ಲಿ ಯಾರೂ ನಿಮ್ಮನ್ನು ‘ಇಲ್ಲ್ ಓಲು?’ ಎಂದು ಕೇಳುವುದಿಲ್ಲ. ತುಳುನಾಡಿನ ಯಾವ ಹಳ್ಳಿಗೆ ಹೋದರೂ ಮೊದಲು ಎದುರಾಗುವ ಪ್ರಶ್ನೆ ಅದು. ಮನೆ ಎಲ್ಲಿ, ಯಾರ ಮಗ, ಇಂಥವರಿಗೆ ಏನಾಗಬೇಕು ಎಂಬುದು ಇತ್ಯರ್ಥವಾದ ಮೇಲೆಯೇ ಮಾತು ಮುಂದಕ್ಕೆ. ಹಾಗೆ ಗುರುತು ಹೇಳಿಕೊಂಡ ಊರಿನಲ್ಲಿ ನಮ್ಮ ನಡತೆಗೆ ತಾನಾಗಿ ಒಂದು ಅಂಕೆ ಬೀಳುತ್ತದೆ. ಸಾಲು ಮುರಿದು ಮುನ್ನುಗ್ಗಿದರೆ, ದಾರಿಯಲ್ಲಿ ಉಗುಳಿದರೆ, ಚಿಲ್ಲರೆ ಕೊಡದೆ ಜಾರಿಕೊಂಡರೆ ಸಂಜೆಯೊಳಗೆ ಸುದ್ದಿ ಮನೆ ಮುಟ್ಟುತ್ತದೆ. ಪಂಪ್‌ವೆಲ್‌ನಲ್ಲಿ ಆ ಭಯ ಯಾರಿಗೂ ಇಲ್ಲ. ತಲಪಾಡಿ ದಾಟಿ ಕಾಸರಗೋಡಿನಿಂದ ಬಂದವರು, ಉಳ್ಳಾಲ ತೊಕ್ಕೊಟ್ಟಿನವರು, ಪಡೀಲ್ ಕಡೆಯಿಂದ ಇಳಿದವರು, ಉಡುಪಿಯಿಂದ ನಂತೂರು ಹಾದು ಬಂದವರು, ಕಂಕನಾಡಿಗೆ ತಿರುಗುವವರು, ಎಲ್ಲರೂ ಇಲ್ಲಿ ಒಬ್ಬರಿಗೊಬ್ಬರು ಕೆಲವು ನಿಮಿಷದ ಅಪರಿಚಿತರು. ಈ ದಿನ ಪಕ್ಕದಲ್ಲಿ ನಿಂತವರ ಮುಖವನ್ನು ಮತ್ತೊಮ್ಮೆ ನೋಡುವ ಸಂಭವವೂ ಕಡಿಮೆ.

ಒಬ್ಬ ಮನುಷ್ಯನ ಗುಣ ಎಂಥದು ಎಂದು ತಿಳಿಯಬೇಕಾದರೆ ಇಂಥ ಜಾಗವೇ ಸರಿ ಎಂಬುದು ನನ್ನ ಗಟ್ಟಿ ನಂಬಿಕೆ. ‘ವ್ಯಕ್ತಿತ್ವ ವಿಕಸನ’ದ ಶಿಬಿರಗಳಲ್ಲಿ ಆತ್ಮವಿಶ್ವಾಸ, ಮಾತುಗಾರಿಕೆ, ಗುರಿ ಸಾಧನೆಗಳ ಬಗ್ಗೆ ಬಹಳ ಹೇಳುತ್ತಾರೆ. ಅವೆಲ್ಲ ಬೇಕಾದವೇ. ಆದರೆ ಅವೆಲ್ಲವೂ ನನಗೆ ಏನು ಸಿಗುತ್ತದೆ ಎಂಬಲ್ಲಿಗೇ ಬಂದು ನಿಲ್ಲುತ್ತವೆ. ನನ್ನ ಹೆಸರೇ ಗೊತ್ತಿಲ್ಲದ, ನನಗೆ ಏನನ್ನೂ ಮರಳಿಸಲಾರದ ಒಬ್ಬನ ಜತೆ, ಅದೂ ನನಗೆ ತಡವಾಗಿರುವ ಹೊತ್ತಿನಲ್ಲಿ ನಾನು ಹೇಗೆ ನಡೆದುಕೊಳ್ಳುತ್ತೇನೆ ಎಂಬುದು ಬೇರೆಯೇ ಪರೀಕ್ಷೆ. ಆ ಪರೀಕ್ಷೆ ಬಂದಾಗ ಕುಳಿತು ಯೋಚಿಸಲು ಸಮಯವಿರುವುದಿಲ್ಲ. ಮೊದಲೇ ಮೈಗೂಡಿದ್ದು ಮಾತ್ರ ಕೈಗೆ ಬರುತ್ತದೆ.

‘ತಡವಾಗಿರುವ ಹೊತ್ತಿನಲ್ಲಿ’ ಎಂದೆ. ಅದಕ್ಕೆ ಕಾರಣವಿದೆ. 1973ರಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ತಾವು ನಡೆಸಿದ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಚಿಕ್ಕ ಭಾಷಣ ಮಾಡುವಂತೆ ಕಳಿಸಲಾಯಿತು. ಅರ್ಧ ಮಂದಿಗೆ ಭಾಷಣದ ವಿಷಯ ಬೈಬಲ್ಲಿನ ‘ಒಳ್ಳೆಯ ಸಮಾರಿಟನ್’ ಕಥೆ, ಅಂದರೆ ದಾರಿಯಲ್ಲಿ ಗಾಯಗೊಂಡು ಬಿದ್ದ ಅಪರಿಚಿತನನ್ನು ಎತ್ತಿ ಉಪಚರಿಸಿದವನ ಕಥೆ. ಹೋಗುವ ದಾರಿಯ ಬಾಗಿಲ ಬಳಿ ಒಬ್ಬ ಮನುಷ್ಯ ಕುಸಿದು ಕುಳಿತು ಕೆಮ್ಮುತ್ತ ನರಳುತ್ತಿದ್ದ. ಅವನನ್ನು ಅಲ್ಲಿ ಕೂರಿಸಿದ್ದೇ ಪ್ರಯೋಗಕ್ಕಾಗಿ. ಸಾಕಷ್ಟು ಸಮಯವಿದೆ ಎಂದು ಕಳಿಸಿದವರಲ್ಲಿ 100ಕ್ಕೆ 63 ಮಂದಿ ಅವನನ್ನು ವಿಚಾರಿಸಿದರು. ಸಮಯ ಸರಿಯಾಗಿದೆ ಎಂದು ಕಳಿಸಿದವರಲ್ಲಿ ಶೇ 45. ಆಗಲೇ ತಡವಾಗಿದೆ ಎಂದು ಅವಸರಪಡಿಸಿ ಕಳಿಸಿದವರಲ್ಲಿ ಶೇ 10 ಮಾತ್ರ. ಭಾಷಣದ ವಿಷಯ ಯಾವುದು ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಬೀಳಲಿಲ್ಲ. ಕರುಣೆಯ ಮೇಲೆ ಭಾಷಣ ಮಾಡಲು ಹೊರಟವರಲ್ಲೂ ಕೆಲವರು ನರಳುವವನನ್ನು ದಾಟಿಕೊಂಡು ಹೋದರು.

ಇದನ್ನು ಓದಿ ಮನುಷ್ಯರ ಮೇಲೆ ನಂಬಿಕೆ ಕಳೆದುಕೊಳ್ಳುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಸಮಯ ಕೈಯಲ್ಲಿದ್ದವರಲ್ಲಿ ಹೆಚ್ಚಿನವರು ನಿಂತರಲ್ಲ! ಅವಸರದವರು ಕೆಟ್ಟವರಾಗಿರಲಿಲ್ಲ, ಅವರಲ್ಲಿ ಕೆಲವರಿಗೆ ಆ ಮನುಷ್ಯ ಸರಿಯಾಗಿ ಕಾಣಿಸಲೇ ಇಲ್ಲ. ಹಾಗಾದರೆ ಒಳ್ಳೆಯವನಾಗಿರಬೇಕು ಎನ್ನುವವನ ಮೊದಲ ಕೆಲಸ ಯಾವುದು? ದೊಡ್ಡ ಸಂಕಲ್ಪವಲ್ಲ, ಮನೆಯಿಂದ ಹತ್ತು ನಿಮಿಷ ಮೊದಲು ಹೊರಡುವುದು. ಹಿಂದಿನ ರಾತ್ರಿ ಬಟ್ಟೆ ತೆಗೆದಿಡುವುದು, ಮೊಬೈಲು ಬದಿಗಿಟ್ಟು ಹೊತ್ತಿಗೆ ಸರಿಯಾಗಿ ಮಲಗುವುದು, ಚಾವಿ ಎಲ್ಲಿ ಎಂದು ಹುಡುಕದ ಹಾಗೆ ಒಂದೇ ಕಡೆ ತೂಗುಹಾಕುವುದು. ಇವೆಲ್ಲ ಬರೀ ಶಿಸ್ತಿನ ವಿಷಯಗಳೆಂದು ನಾವು ಅಂದುಕೊಂಡಿದ್ದೇವೆ. ಮರುದಿನ ಪಂಪ್‌ವೆಲ್‌ನಲ್ಲಿ ಎದುರಾಗುವ ಅಪರಿಚಿತನ ಪಾಲಿಗೆ ಇವೇ ನಮ್ಮ ಗುಣ.

ಆ ಜಾಗದ ಅವಸರ ಹೇಗಿದೆ ನೋಡಿ. ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಇಲ್ಲಿ ಮೇಲ್ಸೇತುವೆಯಾಗಲು ಸುಮಾರು ಹತ್ತು ವರ್ಷ ಹಿಡಿಯಿತು. 2020ರ ಜನವರಿ 31ರಂದು ಅದು ಸಂಚಾರಕ್ಕೆ ತೆರೆದಾಗ ನಗರವೇ ನಿಟ್ಟುಸಿರುಬಿಟ್ಟಿತು. ನೇರ ಹೋಗುವ ಲಾರಿ, ಕಾರುಗಳು ಈಗ ಮೇಲಿನಿಂದ ಹೋಗುತ್ತವೆ. ಆದರೆ ಕಂಕನಾಡಿ, ಜ್ಯೋತಿ, ಸ್ಟೇಟ್‌ಬ್ಯಾಂಕ್ ಕಡೆಗೆ ಹೋಗಬೇಕಾದವರೆಲ್ಲ ಕೆಳಗಿನ ಸರ್ವೀಸ್ ರಸ್ತೆಗೇ ಇಳಿಯಬೇಕು. ಉಳ್ಳಾಲದ ಕಡೆಯಿಂದ ಬಂದು ಕಂಕನಾಡಿಗೆ ಎಡಕ್ಕೆ ತಿರುಗುವ ಆ ಬಾಯಿಯಲ್ಲಿ ಸಿಟಿ ಬಸ್ಸು, ಆಟೋ, ದ್ವಿಚಕ್ರಗಳೆಲ್ಲ ಒಟ್ಟಿಗೆ ಸೇರುತ್ತವೆ. ನಮ್ಮ ಸಿಟಿ ಬಸ್ಸುಗಳು ಓಡುವುದು ನಿಮಿಷದ ಲೆಕ್ಕದ ಟೈಮಿಂಗ್ ಮೇಲೆ. ಹಿಂದಿನ ಬಸ್ಸು ಹತ್ತಿರ ಬಂದರೆ ಮುಂದಿನವನ ಆ ದಿನದ ಕಲೆಕ್ಷನ್ನೇ ಹೋಯಿತು. ಡ್ರೈವರ್ ಅಣ್ಣನ ಒರಟುತನವನ್ನೆಲ್ಲ ಅವನ ಸ್ವಭಾವದ ಖಾತೆಗೆ ಬರೆಯುವವರು ಈ ಲೆಕ್ಕವನ್ನೂ ನೋಡಬೇಕು.

ಈ ಬಾಯಿಯಿಂದಲೇ ಆಂಬುಲೆನ್ಸುಗಳೂ ಹೋಗಬೇಕು. ಕಾಸರಗೋಡು ಜಿಲ್ಲೆಯ ಜನ ದೊಡ್ಡ ಕಾಯಿಲೆ, ಅಪಘಾತ ಎಂದರೆ ಬಹುಕಾಲದಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದವರು. 2020ರ ಲಾಕ್‌ಡೌನ್‌ನಲ್ಲಿ ಕರ್ನಾಟಕ, ಕೇರಳಗಳ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಆ ನಂಬಿಕೆ ಎಷ್ಟು ಆಳದ್ದು, ದಾರಿ ಕಟ್ಟಿದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ತಿಳಿಯಿತು. ಪಂಪ್‌ವೆಲ್‌ನಿಂದ ಕೂಗಳತೆಯಲ್ಲಿ ಎನ್ನುವಷ್ಟು ಹತ್ತಿರ, ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಆಸ್ಪತ್ರೆಯಿದೆ. 1880ರಲ್ಲಿ ಇಲ್ಲಿ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ ಬಡವರಿಗೆ ಹೋಮಿಯೋಪಥಿ ಔಷಧ ಕೊಡತೊಡಗಿದರು. ಆಲದ ಮರದ ಕೆಳಗೆ ಕುಳಿತು ಔಷಧ ಹಂಚುತ್ತಿದ್ದರೆಂದು ಊರಿನವರು ಈಗಲೂ ಹೇಳುತ್ತಾರೆ. 1890ರಲ್ಲಿ, ಯಾರೂ ಹತ್ತಿರ ಸುಳಿಯದ ಕುಷ್ಠರೋಗಿಗಳಿಗಾಗಿ ಅವರು ಆಶ್ರಯಾಲಯ ಕಟ್ಟಿದರು. ಇಂದಿನ ಇಡೀ ಸಂಸ್ಥೆ ಬೆಳೆದದ್ದು ದಿನದಿನದ ಆ ಔಷಧ ಹಂಚಿಕೆಯಿಂದ.

ಸೈರನ್ ಕೇಳಿದಾಗ ಪಂಪ್‌ವೆಲ್‌ನಲ್ಲಿ ಏನಾಗುತ್ತದೆಂದು ನಾನು ಗಮನಿಸಿದ್ದೇನೆ. ಕೆಲವರು ತಕ್ಷಣ ಎಡಕ್ಕೆ ಸರಿದು ನಿಲ್ಲುತ್ತಾರೆ, ಅವರ ಮುಖದಲ್ಲಿ ಯಾವ ಗಲಿಬಿಲಿಯೂ ಇರುವುದಿಲ್ಲ. ಇನ್ನು ಕೆಲವರು ಕನ್ನಡಿ ನೋಡುತ್ತಾರೆ, ಹಾರ್ನ್ ಹಾಕುತ್ತಾರೆ, ಎಲ್ಲಿಗೆ ಸರಿಯುವುದೆಂದು ತಿಳಿಯದೆ ನಡುವೆಯೇ ಸಿಕ್ಕಿಕೊಳ್ಳುತ್ತಾರೆ. ಇವರಿಗೆ ದಯೆ ಕಡಿಮೆಯೇನಲ್ಲ, ರೂಢಿ ಮಾತ್ರ ಇಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಆಂಬುಲೆನ್ಸಿಗೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಒಳ್ಳೆಯ ಕಲಮೂ ಬಂತು. ಅಪಘಾತದಲ್ಲಿ ಬಿದ್ದವರನ್ನು ಎತ್ತಿ ಆಸ್ಪತ್ರೆಗೆ ಮುಟ್ಟಿಸಿದವರನ್ನು ಕೇಸಿನಲ್ಲಿ ಸಿಕ್ಕಿಸುವಂತಿಲ್ಲ, ಹೆಸರು ವಿಳಾಸ ಕೊಡಿ ಎಂದು ಒತ್ತಾಯಿಸುವಂತೆಯೂ ಇಲ್ಲ. ಪೊಲೀಸು, ಕೋರ್ಟು ಎಂದು ಹೆದರಿ ದೂರ ಸರಿಯುತ್ತಿದ್ದ ಕಾಲ ಮುಗಿದಿದೆ ಎಂಬುದನ್ನು ನಮ್ಮಲ್ಲಿ ಹಲವರು ಇನ್ನೂ ತಿಳಿದಿಲ್ಲ. ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡಬೇಕಾದ ಪಾಠ ಇದು.

ಹಾಗಾದರೆ ರೂಢಿ ಬೀಳುವುದು ಹೇಗೆ? ಇದನ್ನು ಅಳೆದು ನೋಡಿದವರಿದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜತೆಗಾರರು 96 ಮಂದಿಯನ್ನು 84 ದಿನ ಗಮನಿಸಿದರು. ಒಬ್ಬೊಬ್ಬರೂ ಒಂದೊಂದು ಹೊಸ ಕೆಲಸ ಆರಿಸಿಕೊಂಡಿದ್ದರು. ಊಟದ ಜತೆ ಒಂದು ಹಣ್ಣು ತಿನ್ನುವುದು, ನೀರು ಕುಡಿಯುವುದು, ರಾತ್ರಿಯೂಟಕ್ಕೆ ಮೊದಲು 15 ನಿಮಿಷ ಓಡುವುದು, ಹೀಗೆ. ಯೋಚಿಸದೆ ತಾನಾಗಿ ಆಗುವ ಮಟ್ಟಕ್ಕೆ ಬರಲು ನಡುವಿನ ಲೆಕ್ಕ 66 ದಿನ. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾಗಬಹುದು ಎಂದು ಲೆಕ್ಕ ಹೇಳಿತು. ‘21 ದಿನದಲ್ಲಿ ಅಭ್ಯಾಸ’ ಎಂದು ಪ್ರಚಾರವಾಗಿರುವ ಮಾತಿಗೆ ಇಲ್ಲಿ ಆಧಾರ ಸಿಗಲಿಲ್ಲ. ನನಗೆ ಇನ್ನೂ ಮುಖ್ಯವೆನಿಸಿದ್ದು ಬೇರೊಂದು ಸಂಗತಿ: ನಡುವೆ ಒಂದು ದಿನ ತಪ್ಪಿದರೆ ಆಗುತ್ತಿದ್ದ ರೂಢಿಗೆ ಹೆಚ್ಚೇನೂ ಪೆಟ್ಟು ಬೀಳಲಿಲ್ಲ. ಒಂದು ದಿನ ತಪ್ಪಿತೆಂದು ಕೈಚೆಲ್ಲುವವರೆಲ್ಲ ಇದನ್ನು ನೆನಪಿಡಬೇಕು.

ಆ ಅಧ್ಯಯನದಲ್ಲಿ ಎಲ್ಲರಿಗೂ ಹೇಳಿದ್ದು ಒಂದೇ: ಹೊಸ ಕೆಲಸವನ್ನು ದಿನವೂ ತಪ್ಪದೆ ನಡೆಯುವ ಬೇರೊಂದು ಕೆಲಸಕ್ಕೆ ಕಟ್ಟಿಹಾಕಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಬಸ್ಸಿನಿಂದ ಇಳಿದ ಕೂಡಲೇ ಟಿಕೆಟನ್ನು ನೆಲಕ್ಕೆ ಬಿಡದೆ ಅಂಗಿಯ ಜೇಬಿಗೆ ಹಾಕುವುದು. ಮನೆ ಮುಟ್ಟಿ ಅಂಗಿ ಕಳಚುವಾಗ ಅದನ್ನು ಕಸದಬುಟ್ಟಿಗೆ ಹಾಕುವುದು. ಇಷ್ಟು ಚಿಕ್ಕದೇ ಎಂದು ಕೇಳಬಹುದು. ಚಿಕ್ಕದಾಗಿರಬೇಕು ಎಂದೇ ಹೇಳುತ್ತಿದ್ದೇನೆ. ದಣಿದ ದಿನ, ಜ್ವರದ ದಿನ, ಯಾರದೋ ಮೇಲೆ ಕೋಪಗೊಂಡ ದಿನವೂ ಆಗುವಷ್ಟು ಚಿಕ್ಕದು.

ಈ ಅರಿವಿಗೆ ಲಂಡನ್ನಿನವರೆಗೆ ಹೋಗಬೇಕಾಗಿಯೂ ಇಲ್ಲ. ಪಂಪ್‌ವೆಲ್‌ನ ಈ ಜಂಕ್ಷನ್ನಿನ ಹೆಸರು ಮಹಾವೀರ ವೃತ್ತ. ಮೇಲ್ಸೇತುವೆಯ ಕೆಲಸಕ್ಕಾಗಿ ತೆಗೆಯುವವರೆಗೆ ನಡುವೆ ದೊಡ್ಡದೊಂದು ಕಲಶವಿತ್ತು. ಮೂಡುಬಿದಿರೆ, ಕಾರ್ಕಳ, ವೇಣೂರುಗಳ ಬಸದಿಗಳಿರುವ ಈ ತುಳುನಾಡಿಗೆ ಮಹಾವೀರನ ಹೆಸರು ಹೊರಗಿನದಲ್ಲ. ಜೈನ ಧರ್ಮ ಸಂಸಾರಿಗೂ ಸಂನ್ಯಾಸಿಗೂ ಒಂದೇ ಐದು ವ್ರತಗಳನ್ನು ಹೇಳಿದರೂ ಅಳತೆಯನ್ನು ಬೇರೆ ಮಾಡಿತು. ಮುನಿಗಳಿಗೆ ಮಹಾವ್ರತ, ಮನೆಮಠವಿರುವವರಿಗೆ ಅಣುವ್ರತ. ಹಿಂಸೆ ಮಾಡದಿರು, ಸುಳ್ಳು ಹೇಳದಿರು, ಕದಿಯದಿರು, ಕಾಮದಲ್ಲಿ ಸಂಯಮವಿಡು, ಕೂಡಿಡುವುದಕ್ಕೆ ಮಿತಿ ಹಾಕು. ಇವನ್ನು ಅಂಗಡಿ ಇಟ್ಟವನು, ಬೇಸಾಯ ಮಾಡುವವನು ಪಾಲಿಸಬಲ್ಲಷ್ಟು ಅಳತೆಗೆ ಇಳಿಸಿದ್ದು ದೊಡ್ಡ ವಿವೇಕ. ಜತೆಗೆ ದಿನಕ್ಕೆ 48 ನಿಮಿಷ ಸುಮ್ಮನೆ ಕುಳಿತು ಸಮಭಾವ ರೂಢಿಸುವ ಸಾಮಾಯಿಕ, ಬಳಸುವ ವಸ್ತುಗಳಿಗೆ ತಾನೇ ಗೆರೆ ಎಳೆದುಕೊಳ್ಳುವ ಪರಿಮಾಣ ವ್ರತ. 1949ರಲ್ಲಿ ರಾಜಸ್ಥಾನದಲ್ಲಿ ಆಚಾರ್ಯ ತುಳಸಿಯವರು ಅಣುವ್ರತವನ್ನು ಜಾತಿಧರ್ಮದ ಹಂಗಿಲ್ಲದ ಚಳವಳಿಯಾಗಿಸಿದಾಗ ವ್ಯಾಪಾರಿಗೊಂದು, ವಿದ್ಯಾರ್ಥಿಗೊಂದು, ನೌಕರನಿಗೊಂದು ಎಂದು ಅವರವರ ಕೆಲಸಕ್ಕೆ ತಕ್ಕ ನಿಯಮಗಳನ್ನು ಕೊಟ್ಟರು. ದಿನವೂ ತಕ್ಕಡಿ ಹಿಡಿಯುವವನಿಗೆ ಸತ್ಯದ ಮೇಲೆ ಉಪನ್ಯಾಸ ಬೇಕಿಲ್ಲ, ತೂಕ ಸರಿಯಿಡು ಎಂದರೆ ಸಾಕು.

ಮಂಗಳೂರಿನ ಆಟೋಗಳಲ್ಲಿ ಮೀಟರು ಹಾಕುವ ವಾಡಿಕೆ ಇನ್ನೂ ಉಳಿದಿರುವುದನ್ನು ಬೇರೆ ಊರುಗಳಿಂದ ಬಂದವರು ಮೆಚ್ಚಿ ಹೇಳುತ್ತಾರೆ. ಅದೂ ಒಂದು ಅಣುವ್ರತವೇ. ದಾರಿ ಗೊತ್ತಿಲ್ಲದ, ಭಾಷೆ ಗೊತ್ತಿಲ್ಲದ ಪ್ರಯಾಣಿಕ ಹತ್ತಿದಾಗ ಮೀಟರು ಒತ್ತುವ ಬೆರಳಿಗೆ ಯೋಚನೆ ಬೇಕಾಗುವುದಿಲ್ಲ.

ಚಿಕ್ಕ ಕೆಲಸವನ್ನು ದಿನವೂ ಬಿಡದೆ ಮಾಡುವ ಮಾತಿಗೆ ನಮ್ಮ ಕಣ್ಣೆದುರಿನ ದೊಡ್ಡ ಉದಾಹರಣೆ ಹರೇಕಳ ಹಾಜಬ್ಬನವರು. ಪಂಪ್‌ವೆಲ್‌ನಿಂದ ತೆಂಕಕ್ಕೆ ಹೊರಟು, ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟಿನಲ್ಲಿ ಪೂರ್ವಕ್ಕೆ ತಿರುಗಿದರೆ ಹರೇಕಳದ ದಾರಿ. 1970ರ ದಶಕದಿಂದ ಅವರು ಮಂಗಳೂರು ಪೇಟೆಯಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಹಣ್ಣಿಟ್ಟು ಮಾರುತ್ತಿದ್ದರು. ಒಂದು ದಿನ ವಿದೇಶಿ ದಂಪತಿ ಬಂದು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು. ಬ್ಯಾರಿ, ತುಳು ಬಿಟ್ಟು ಬೇರೆ ಬಾರದ ಹಾಜಬ್ಬರಿಗೆ ಉತ್ತರಿಸಲಾಗಲಿಲ್ಲ. ದಂಪತಿ ಹೊರಟುಹೋದರು. ಹಾಜಬ್ಬ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರಿದ್ದ ನ್ಯೂಪಡ್ಪುವಿನಲ್ಲಿ ಶಾಲೆಯೇ ಇರಲಿಲ್ಲ.

ಇಲ್ಲಿಯವರೆಗಿನ ಕಥೆ ಎಲ್ಲರಿಗೂ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸುವುದು ಮುಂದಿನ ಭಾಗ. ಅಪರಿಚಿತರೆದುರು ಹೀಗೆ ಮುಖ ಸಣ್ಣದಾಗುವ ಅನುಭವ ಯಾರಿಗಿಲ್ಲ? ಹೆಚ್ಚಿನವರು ಸಂಜೆಗೆ ಮರೆಯುತ್ತೇವೆ, ಇಲ್ಲವೇ ಮರೆಯಲಾಗದೆ ಕಹಿಯಾಗುತ್ತೇವೆ. ಹಾಜಬ್ಬ ಅದನ್ನು ಒಂದು ದಿನಚರಿಯಾಗಿ ಮಾಡಿಕೊಂಡರು. ಕಿತ್ತಳೆ ಮಾರಿ ಬಂದ ದುಡ್ಡಿನಲ್ಲಿ ಮನೆಖರ್ಚಿನ ಜತೆ ಶಾಲೆಯ ಪಾಲು ಎಂದು ಸ್ವಲ್ಪ ತೆಗೆದಿಟ್ಟರು. ದಿನದ ಗಳಿಕೆಯಲ್ಲಿ ಬದುಕುವವನಿಗೆ ಇದು ಎಂಥ ಕಷ್ಟ ಎಂಬುದು ತಿಂಗಳ ಸಂಬಳ ಎಣಿಸುವವರಿಗೆ ಸುಲಭದಲ್ಲಿ ತಿಳಿಯುವುದಿಲ್ಲ. ಹಣ್ಣು ಕೊಳೆತ ದಿನ, ಮಳೆಗೆ ಗಿರಾಕಿಯೇ ಬಾರದ ದಿನ, ಮನೆಯಲ್ಲಿ ಕಾಯಿಲೆಯಾದ ದಿನ, ಆ ಪಾಲಿಗೆ ಕೈಹಾಕಲು ನೂರು ಕಾರಣಗಳಿರುತ್ತವೆ. ಇಪ್ಪತ್ತು ವರ್ಷದ ಮೇಲೆ, 2000ನೇ ಇಸವಿಯ ಆಸುಪಾಸಿನಲ್ಲಿ, ಊರಿನ ಮದ್ರಸದಲ್ಲಿ 28 ಮಕ್ಕಳೊಂದಿಗೆ ಶಾಲೆ ಶುರುವಾಯಿತು. ಬಳಿಕ ಜಾಗ, ಕಟ್ಟಡ, ಪ್ರೌಢಶಾಲೆ ಒಂದೊಂದಾಗಿ ಆದವು.

ಉಳಿತಾಯಕ್ಕಿಂತಲೂ ಕಠಿಣವಾದ ಎರಡನೆಯ ರೂಢಿಯೊಂದು ಅವರಲ್ಲಿತ್ತು. ಒಮ್ಮೆ ಹೋದ ಕಚೇರಿಗೆ ಮತ್ತೆ ಹೋಗುವುದು. ಶಾಲೆಯ ಮಂಜೂರಾತಿಗೆ, ಜಾಗಕ್ಕೆ, ಕಟ್ಟಡಕ್ಕೆ, ಓದಲು ಬರೆಯಲು ಬಾರದ ಹಣ್ಣಿನ ವ್ಯಾಪಾರಿಯೊಬ್ಬ ಅಧಿಕಾರಿಗಳ, ಜನಪ್ರತಿನಿಧಿಗಳ, ದಾನಿಗಳ ಬಾಗಿಲಿಗೆ ಮತ್ತೆ ಮತ್ತೆ ಹೋಗಬೇಕು. ಹೋದಲ್ಲೆಲ್ಲ ಕೈಮುಗಿಯಬೇಕು, ಕಾಯಬೇಕು, ನಾಳೆ ಬಾ ಎಂದರೆ ಸಿಟ್ಟಾಗದೆ ನಾಳೆ ಬರಬೇಕು. ಉದಾರತೆ ಒಂದು ಗಳಿಗೆಯಲ್ಲಿ ಉಕ್ಕಬಹುದು. ಇಂಥ ತಾಳ್ಮೆ ಒಂದು ಗಳಿಗೆಯಲ್ಲಿ ಬರುವುದಿಲ್ಲ, ಅದು ವರ್ಷಗಳ ಅಭ್ಯಾಸ. ಪ್ರಶಸ್ತಿಗಳ ಹಣ ಬಂದಾಗಲೂ ಅವರು ಅದನ್ನು ಶಾಲೆಗೇ ಹಾಕಿದರು. 2020ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆಯಾದ ಸುದ್ದಿ ಮುಟ್ಟಿದಾಗ ಅವರು ರೇಷನ್ ಅಂಗಡಿಯ ಸಾಲಿನಲ್ಲಿದ್ದರು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ರಾಮನಾಥ ಕೋವಿಂದರಿಂದ ಪ್ರಶಸ್ತಿ ಪಡೆಯುವಾಗ ಬರಿಗಾಲಲ್ಲಿ ನಡೆದುಬಂದ ಅವರನ್ನು ದೇಶ ನೋಡಿತು. ಅಷ್ಟಾದ ಮೇಲೆ ಅವರು ಕೇಳಿದ್ದು ತನ್ನೂರಿಗೆ ಪದವಿಪೂರ್ವ ಕಾಲೇಜು.

‘ಹಾಜಬ್ಬನವರಂಥವರು ಲಕ್ಷಕ್ಕೊಬ್ಬರು’ ಎಂದು ಹೊಗಳಿ ಮುಂದೆ ಹೋಗುವುದು ನಮಗೆ ಸುಲಭ. ಹಾಗೆ ಹೊಗಳುವುದರಲ್ಲಿ ನಮ್ಮನ್ನು ನಾವು ಬಿಡುಗಡೆ ಮಾಡಿಕೊಳ್ಳುವ ಉಪಾಯವೂ ಇದೆ. ಅವರನ್ನು ಸಂತರನ್ನಾಗಿ ಮಾಡಿದರೆ ನಾವು ಏನೂ ಮಾಡಬೇಕಾಗುವುದಿಲ್ಲ. ಆದರೆ ಅವರು ದಿನಕ್ಕೆ ಮಾಡಿದ ಕೆಲಸವನ್ನು ಬಿಡಿಸಿ ನೋಡಿದರೆ ಅದರಲ್ಲಿ ನಮ್ಮ ಕೈಗೆ ನಿಲುಕದ್ದು ಏನೂ ಇಲ್ಲ. ನಿಲುಕದ್ದು ಅದರ ಉದ್ದ ಮಾತ್ರ.

ಇನ್ನೊಂದು ಉದಾಹರಣೆ ಒಬ್ಬರದ್ದಲ್ಲ, ಗುಂಪಿನದು. ಮಂಗಳಾದೇವಿಯ ರಾಮಕೃಷ್ಣ ಮಿಷನ್ನಿನವರು 2015ರಲ್ಲಿ ಸ್ವಚ್ಛ ಮಂಗಳೂರು ಅಭಿಯಾನ ಶುರುಮಾಡಿದರು. ಭಾನುವಾರ ಬೆಳಗ್ಗೆ ಸ್ವಾಮೀಜಿಗಳ ಜತೆ ವೈದ್ಯರು, ವಿದ್ಯಾರ್ಥಿಗಳು, ಅಂಗಡಿಯವರು, ನಿವೃತ್ತರು ಕತ್ತಿ, ಹಾರೆ, ಪೊರಕೆ ಹಿಡಿದು ನಗರದ ಒಂದೊಂದು ಭಾಗಕ್ಕೆ ಇಳಿದರು. ಮೊದಮೊದಲು ಇದನ್ನು ಫೋಟೋಗಾಗಿ ಎಂದವರಿದ್ದರು. ವರ್ಷಗಟ್ಟಲೆ ಭಾನುವಾರಗಳು ಉರುಳಿದಾಗ ಆ ಮಾತು ತಾನಾಗಿ ನಿಂತಿತು. ಗುಡಿಸಿದ ಮೂಲೆಯಲ್ಲಿ ಮರುವಾರ ಮತ್ತೆ ಕಸ ಬೀಳುತ್ತಿತ್ತು. ಅಲ್ಲಿ ಬೇಸರಪಟ್ಟು ಬಿಡಬಹುದಿತ್ತು. ಅವರು ಅಲ್ಲಿ ಹೂಕುಂಡ ಇಟ್ಟರು, ಗೋಡೆಗೆ ಬಣ್ಣ ಹಚ್ಚಿದರು, ಮನೆ ಅಂಗಡಿಗಳಿಗೆ ಹೋಗಿ ಮಾತಾಡಿದರು, ‘ಸ್ವಚ್ಛ ಮನಸ್’ ಎಂದು ಶಾಲೆಗಳಿಗೆ ಹೋದರು. ಬೇರೆಯವರು ಎಸೆದದ್ದನ್ನು ಒಂದು ಭಾನುವಾರ ಕೈಯಾರೆ ಹೆಕ್ಕಿದವನು ಸೋಮವಾರ ಬಸ್ಸಿನ ಕಿಟಕಿಯಿಂದ ಬಾಟಲಿ ಎಸೆಯಲಾರ. ಕಸದ ಲೆಕ್ಕಕ್ಕಿಂತ ನನಗೆ ಹೆಚ್ಚು ಭರವಸೆ ಕೊಡುವುದು ಈ ಬದಲಾವಣೆ.

ಎಸೆದದ್ದು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಮಂಗಳೂರಿನವರಿಗೆ ಪಚ್ಚನಾಡಿಯ ನೆನಪು ಸಾಕು. 2019ರ ಆಗಸ್ಟ್ ಮಳೆಗೆ ಅಲ್ಲಿನ ಕಸದ ರಾಶಿ ಜರಿದು ಮಂದಾರ ಪ್ರದೇಶದ ಮನೆಗಳನ್ನೂ ಅಡಿಕೆ ತೋಟಗಳನ್ನೂ ಮುಚ್ಚಿತು. ತಲೆಮಾರುಗಳಿಂದ ಕೃಷಿ ಮಾಡಿಕೊಂಡಿದ್ದ ಕುಟುಂಬಗಳು ಊರು ಬಿಡಬೇಕಾಯಿತು. ಅವರ ತೋಟಕ್ಕೆ ಜಾರಿದ್ದು ನಗರದ ಮನೆಮನೆಯಿಂದ ಹೋದದ್ದು. ಒಬ್ಬರಿಗೂ ಮಂದಾರದವರ ಹೆಸರು ಗೊತ್ತಿರಲಿಲ್ಲ. ಹಸಿಕಸ ಒಣಕಸ ಬೇರೆ ಮಾಡಿ ಕೊಡಿ ಎಂದರೆ ಕಿರಿಕಿರಿಯಾಗುವ ಬೆಳಗಿನಲ್ಲಿ ಆ ಅಡಿಕೆ ಮರಗಳನ್ನು ನೆನೆಯಬೇಕು.

ಪಂಪ್‌ವೆಲ್‌ನಲ್ಲೂ ಜೋರು ಮಳೆಗೆ ನೀರು ನಿಲ್ಲುತ್ತದೆ. ಕೃತಕ ನೆರೆ ಎಂಬ ಮಾತು ಈಗ ಪತ್ರಿಕೆಗಳಿಗೆ ಮಾಮೂಲಾಗಿದೆ. ಚರಂಡಿಗೆ ಬಿದ್ದ ಪ್ಲಾಸ್ಟಿಕ್ ಅದಕ್ಕೊಂದು ಕಾರಣ. ಆದರೆ ಇಲ್ಲಿ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ರಾಜಕಾಲುವೆ ಕಿರಿದಾದದ್ದು, ತಗ್ಗು ಜಾಗ ತುಂಬಿಸಿ ಕಟ್ಟಡ ಎಬ್ಬಿಸಿದ್ದು, ಹೆದ್ದಾರಿಯ ನೀರಿಗೆ ದಾರಿ ಬಿಡದ್ದು ನಾಗರಿಕನ ಅಭ್ಯಾಸದಿಂದ ಸರಿಯಾಗುವ ವಿಷಯಗಳಲ್ಲ. ಎಲ್ಲವನ್ನೂ ‘ಜನರಲ್ಲಿ ಶಿಸ್ತಿಲ್ಲ’ ಎಂಬ ಒಂದೇ ಮಾತಿಗೆ ತಂದು ಕಟ್ಟುವುದು ಅನ್ಯಾಯ. ನಡೆಯಲು ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನಡಿಗೆಯ ಮಹತ್ವ ಹೇಳುವುದೂ ಅಷ್ಟೇ ಅನ್ಯಾಯ. ಪಾಲಿಕೆಯನ್ನು, ಹೆದ್ದಾರಿ ಪ್ರಾಧಿಕಾರವನ್ನು ಬಿಡದೆ ಕೇಳುತ್ತಿರುವುದು ಕೂಡ ನಾಗರಿಕನ ರೂಢಿಯಾಗಬೇಕು, ಹಾಜಬ್ಬ ಕಚೇರಿಗಳಿಗೆ ಹೋದ ಹಾಗೆ.

ಇನ್ನು ಮೈಯ ಮಾತು. ಪಂಪ್‌ವೆಲ್‌ನಿಂದ ಸ್ವಲ್ಪ ದೂರದಲ್ಲಿ ಕಂಕನಾಡಿ ಗರೋಡಿಯಿದೆ, 1873ರಲ್ಲಿ ಸ್ಥಾಪನೆಯಾದದ್ದು. ಅವಳಿ ವೀರರಾದ ಕೋಟಿ ಚೆನ್ನಯರನ್ನು ನಂಬುವ ತುಳುನಾಡಿನ ಗರೋಡಿಗಳಲ್ಲಿ ಮೈಯ ಸಾಧನೆಯೂ ದೈವದ ಭಕ್ತಿಯೂ ಒಂದೇ ಅಂಗಳದಲ್ಲಿ ಬೆಳೆದವು. ಪಾಡ್ದನದ ಆ ಅವಳಿಗಳ ತಾಯಿ ದೇಯಿ ಬೈದೆತಿ ಮದ್ದು ಬಲ್ಲವಳು, ಪಡುಮಲೆ ಬಲ್ಲಾಳನ ಕಾಲಿನ ನೋವು ವಾಸಿಮಾಡಿದವಳು. ಮಕ್ಕಳು ಗದ್ದೆ ಉತ್ತವರು, ಅನ್ಯಾಯ ಕಂಡಲ್ಲಿ ಎದುರು ನಿಂತವರು. ಅಂದರೆ ಆರೋಗ್ಯ, ದುಡಿಮೆ, ನ್ಯಾಯ ಈ ಮೂರನ್ನು ನಮ್ಮ ಹಿರಿಯರು ಬೇರೆ ಬೇರೆ ಕಪಾಟಿನಲ್ಲಿ ಇಟ್ಟಿರಲಿಲ್ಲ. ನಿದ್ದೆಗೆಟ್ಟವನು ರೇಗುತ್ತಾನೆ. ಹಸಿದವನು, ಹ್ಯಾಂಗೋವರಿನವನು ಸ್ಟಿಯರಿಂಗ್ ಹಿಡಿದರೆ ಮುಂದೆ ಹೋಗುವ ಸೈಕಲ್ಲಿನವನು ಅವನಿಗೆ ಶತ್ರುವಾಗಿ ಕಾಣುತ್ತಾನೆ. ಹೊತ್ತಿಗೆ ಸರಿಯಾಗಿ ಉಂಡು, ಮಲಗಿ, ಬೆಳಗ್ಗೆ ಒಂದಿಷ್ಟು ನಡೆದವನಿಗೆ ಅದೇ ಸೈಕಲ್ಲಿನವನು ಬರೀ ಒಬ್ಬ ಮನುಷ್ಯ. ಪಂಪ್‌ವೆಲ್‌ನಿಂದ ಕಂಕನಾಡಿಗೆ ಒಂದು ಕಿಲೋಮೀಟರಿನಷ್ಟು ದಾರಿ. ಹತ್ತು ನಿಮಿಷ ಮೊದಲು ಹೊರಟವನಿಗೆ ಇದನ್ನು ನಡೆದೇ ಹೋಗುವ ಅವಕಾಶವೂ ಸಿಗುತ್ತದೆ.

ಮೈಯ ಆರೋಗ್ಯ ಮತ್ತು ಅಪರಿಚಿತರ ಹಿತ ಒಂದಾಗುವ ಇನ್ನೊಂದು ವಿಷಯವಿದೆ: ಸೊಳ್ಳೆ. ಮಂಗಳೂರಿನಲ್ಲಿ 1990ರ ದಶಕದಿಂದ ಕಟ್ಟಡಗಳು ಏಳತೊಡಗಿದಂತೆ ಮಲೇರಿಯಾವೂ ಏರಿತು. ನಗರದ ಮಲೇರಿಯಾ ಸೊಳ್ಳೆ ಬೆಳೆಯುವುದು ತಿಳಿನೀರಿನಲ್ಲಿ. ಮುಚ್ಚಳವಿಲ್ಲದ ಓವರ್‌ಹೆಡ್ ಟ್ಯಾಂಕು, ಕಾಂಕ್ರೀಟು ಹದಗೊಳ್ಳಲು ತಾರಸಿಯ ಮೇಲೆ ಕಟ್ಟಿ ನಿಲ್ಲಿಸಿದ ನೀರು ಅದಕ್ಕೆ ಸಾಕು. 2015ರಿಂದ ಟ್ಯಾಬ್ ಹಿಡಿದು ಮನೆಮನೆಗೆ ಹೋಗಿ ಪ್ರಕರಣಗಳನ್ನು ದಾಖಲಿಸುವ ವ್ಯವಸ್ಥೆ ಬಂದ ಮೇಲೆ ಮಲೇರಿಯಾ ಹಿಡಿತಕ್ಕೆ ಬರತೊಡಗಿತು. ಆದರೆ 2019ರ ಮಳೆಗಾಲದಲ್ಲಿ ಡೆಂಗಿ ನಗರವನ್ನು ಬೆಚ್ಚಿಬೀಳಿಸಿತು. ಗುಜ್ಜರಕೆರೆ, ಜೆಪ್ಪು ಭಾಗಗಳ ಮನೆಮನೆಯಲ್ಲಿ ಜ್ವರ.

ಡೆಂಗಿ ಸೊಳ್ಳೆ ಹಗಲು ಕಚ್ಚುತ್ತದೆ, ಹೆಚ್ಚು ದೂರ ಹಾರುವುದಿಲ್ಲ. ಅಂದರೆ ನಮ್ಮ ತಾರಸಿಯಲ್ಲಿ ಹುಟ್ಟಿದ್ದು ಕಚ್ಚುವುದು ನಮ್ಮ ಮನೆಯವರನ್ನು, ಪಕ್ಕದ ಫ್ಲ್ಯಾಟಿನವರನ್ನು, ಕೆಳಗೆ ಬಸ್ಸು ಕಾಯುತ್ತ ನಿಂತವರನ್ನು. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಒಂದೇ ದಿನ, ಒಂದೇ ಹೊತ್ತಿಗೆ, ಮನೆ ಸುತ್ತ ಒಂದು ಸುತ್ತು ಬರುವುದು ಸರಿಯಾದ ಲೆಕ್ಕ. ಭಾನುವಾರ ಬೆಳಗಿನ ಚಾ ಕುಡಿದ ಬಳಿಕ ಎಂದು ಕಟ್ಟಿಹಾಕಿಕೊಂಡರೆ ಮರೆಯುವುದಿಲ್ಲ. ಹೂಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಹಳೆ ಟಯರು, ಎಳನೀರಿನ ಬೊಂಡ, ತೋಟವಿದ್ದರೆ ಅಡಿಕೆ ಹಾಳೆ, ರಬ್ಬರಿನ ಚಿಪ್ಪು, ತಾರಸಿಗೆ ಹೊದೆಸಿದ ಟಾರ್ಪಾಲಿನ ಮಡಿಕೆ ಇವನ್ನೆಲ್ಲ ಬರಿದು ಮಾಡಬೇಕು. ನೀರು ಚೆಲ್ಲಿದರೆ ಮಾತ್ರ ಸಾಲದು. ಈ ಸೊಳ್ಳೆಯ ಮೊಟ್ಟೆಗಳು ಪಾತ್ರೆಯ ಒಳಬದಿಗೆ, ನೀರಿನ ಗೆರೆಯ ತುಸು ಮೇಲೆ ಅಂಟಿಕೊಂಡಿರುತ್ತವೆ. ಒಣಗಿದ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು ಮುಂದಿನ ಮಳೆಗೆ ಒಡೆಯುತ್ತವೆ. ಹಾಗಾಗಿ ತೆಂಗಿನ ನಾರಿನಿಂದಲೋ ಬ್ರಷ್ಷಿನಿಂದಲೋ ಒಳಬದಿಯನ್ನು ಚೆನ್ನಾಗಿ ಉಜ್ಜಿ ತೊಳೆದು ಮಗುಚಿ ಇಡಬೇಕು. ಮೇ ತಿಂಗಳ ಮೊದಲ ಮಳೆಗೇ ಈ ಕೆಲಸ ಶುರುವಾಗಬೇಕು, ಜೂನ್ ಬಂದಮೇಲಲ್ಲ.